ಆರೋಗ್ಯ ಸಂಶೋಧನೆಗೆ ಗ್ರ್ಯಾಂಟ್ ಅರ್ಜಿ: ಯೂನಿವರ್ಸಿಟಿಯನ್ನು ಜೊತೆಗಿಟ್ಟುಕೊಂಡು ಬರೆಯುವುದು ಹೇಗೆ

ಗ್ರ್ಯಾಂಟ್‌ಗೆ, ಅಂದರೆ ಸಂಶೋಧನಾ ಧನಸಹಾಯಕ್ಕೆ, ಅರ್ಜಿ ಹಾಕುವವರು ನೀವಲ್ಲ, ನಿಮ್ಮ ಯೂನಿವರ್ಸಿಟಿ. ಐಡಿಯಾ ನಿಮ್ಮದು, ಬರೆಯುವುದು ನೀವು, ನಿದ್ದೆಗೆಡುವುದೂ ನೀವೇ. ಆದರೆ ದೊಡ್ಡ ಫಂಡರ್‌ಗಳ (ಹಣ ಕೊಡುವ ಸಂಸ್ಥೆಗಳ) ಕಾಗದಪತ್ರದಲ್ಲಿ ಅರ್ಜಿದಾರ ಅಂದರೆ ಸಂಸ್ಥೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಣ ಕೊಡುವುದು ಸಾಮಾನ್ಯವಾಗಿ ಸಂಸ್ಥೆಗೆ, ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ ಎನ್‌ಎಚ್‌ಎಂಆರ್‌ಸಿ ಒಪ್ಪಂದ ಮಾಡಿಕೊಳ್ಳುವುದೂ ಸಂಸ್ಥೆಯ ಜೊತೆಗೇ. ಕೊನೆಯ ಸಬ್ಮಿಟ್ ಬಟನ್ ಒತ್ತುವ ಅಧಿಕಾರ ಕೂಡ ಹೆಚ್ಚಿನ ಕಡೆ ಯೂನಿವರ್ಸಿಟಿಯ ಗ್ರ್ಯಾಂಟ್ ಕೆಲಸ ನೋಡಿಕೊಳ್ಳುವ ರಿಸರ್ಚ್ ಆಫೀಸಿನವರದ್ದು. ಹೀಗಿದ್ದರೂ ಬಹಳಷ್ಟು ಜನ ಆ ಆಫೀಸಿನ ಬಾಗಿಲು ತಟ್ಟುವುದು ಎಲ್ಲಾ ಬರೆದು ಮುಗಿಸಿ, ಡೆಡ್‌ಲೈನ್‌ಗೆ ಎರಡು ಮೂರು ದಿನ ಉಳಿದಾಗ, ಸಹಿ ಬೇಕು ಅಂತ. ಆಗ ಅವರು ಸಹಿ ಹಾಕಿಸಿಕೊಡಬಹುದು, ಅಷ್ಟೆ. ಸಹಾಯ ಮಾಡಲು ಸಮಯ ಎಲ್ಲಿರುತ್ತದೆ?

ಮೊದಲ ಅಥವಾ ಎರಡನೇ ಸಲ ದೊಡ್ಡ ಗ್ರ್ಯಾಂಟ್ ಬರೆಯುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಫಂಡರ್ ಬದಲಾದರೆ ಫಾರ್ಮ್ ಬದಲಾಗುತ್ತದೆ. ಕೆಲಸದ ಕ್ರಮ ಅಷ್ಟೇನೂ ಬದಲಾಗುವುದಿಲ್ಲ.

ಮೊದಲು ಆಫೀಸಿಗೆ ಹೋಗಿ, ಬರೆಯುವುದು ಆಮೇಲೆ

ಕೈಯಲ್ಲಿ ಅರ್ಧ ಪುಟದ ಐಡಿಯಾ ಇದ್ದರೆ ಸಾಕು, ಹೋಗಿ. "ಗ್ರ್ಯಾಂಟ್ ಬಗ್ಗೆ ಸ್ವಲ್ಪ ಹೇಳಿ" ಅಂತ ಕೇಳಬೇಡಿ, ಅದಕ್ಕೆ ಅವರ ಹತ್ತಿರವೂ ಉತ್ತರ ಇರುವುದಿಲ್ಲ. ನಿರ್ದಿಷ್ಟವಾಗಿ ಕೇಳಿ. ಈ ಸ್ಕೀಮಿಗೆ ನಾನು ಅರ್ಹನೇ? ನಮ್ಮ ಯೂನಿವರ್ಸಿಟಿ ಅರ್ಹವೇ? ಒಂದು ಸಂಸ್ಥೆಯಿಂದ ಎಷ್ಟು ಅರ್ಜಿ ಹೋಗಬಹುದು? ಒಳಗಿನ ಡೆಡ್‌ಲೈನ್ ಯಾವತ್ತು? ಹಿಂದಿನ ವರ್ಷ ಇದೇ ಸ್ಕೀಮಿನಲ್ಲಿ ಗೆದ್ದ ಅರ್ಜಿ ಯಾವುದಾದರೂ ಓದಲು ಸಿಗುತ್ತದೆಯೇ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಗೆದ್ದ ಅರ್ಜಿಯೊಂದನ್ನು ಪೂರ್ತಿ ಓದುವುದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಹಲವು ಯೂನಿವರ್ಸಿಟಿಗಳು ಇಂಥ ಅರ್ಜಿಗಳನ್ನು ಬರೆದವರ ಒಪ್ಪಿಗೆ ಪಡೆದು ಇಟ್ಟುಕೊಂಡಿರುತ್ತವೆ, ಕೇಳಿದವರಿಗೆ ಮಾತ್ರ ತೋರಿಸುತ್ತವೆ. ಸಿಕ್ಕರೆ ಸೋತ ಅರ್ಜಿಯನ್ನೂ ಅದರ ರಿವ್ಯೂವರ್ (ಅರ್ಜಿ ಓದಿ ಅಂಕ ಹಾಕುವವರ) ಟಿಪ್ಪಣಿ ಸಮೇತ ಓದಿ.

ಕೆಲವು ಕರೆಗಳಲ್ಲಿ (ಫಂಡರ್ ಹೊರಡಿಸುವ ಅರ್ಜಿ ಆಹ್ವಾನಗಳಲ್ಲಿ) ಒಂದು ಸಂಸ್ಥೆಯಿಂದ ಒಂದೋ ಎರಡೋ ಅರ್ಜಿ ಮಾತ್ರ ಹೋಗಬಹುದು. ಆಗ ಯೂನಿವರ್ಸಿಟಿಯೊಳಗೇ ಒಂದು ಸ್ಪರ್ಧೆ ನಡೆಯುತ್ತದೆ, ಅದರ ದಿನಾಂಕ ಫಂಡರ್‌ನ ವೆಬ್‌ಸೈಟಿನಲ್ಲಿ ಎಲ್ಲೂ ಇರುವುದಿಲ್ಲ.

ಅರ್ಹತೆಯ ವಿಷಯದಲ್ಲಿ ಊಹೆ ಮಾಡಬೇಡಿ. ಎನ್‌ಐಎಚ್‌ನಲ್ಲಿ ಆರಂಭಿಕ ಹಂತದ ಸಂಶೋಧಕ ಅನ್ನಿಸಿಕೊಳ್ಳಲು ಕೊನೆಯ ಸಂಶೋಧನಾ ಪದವಿ ಅಥವಾ ಕ್ಲಿನಿಕಲ್ ತರಬೇತಿ ಮುಗಿದು 10 ವರ್ಷದೊಳಗಿರಬೇಕು, ಆದರೆ ಹೆರಿಗೆ, ಕಾಯಿಲೆ, ಮನೆಯವರ ಆರೈಕೆಯಂಥ ಕಾರಣಕ್ಕೆ ಈ ಅವಧಿಯನ್ನು ವಿಸ್ತರಿಸಿಕೊಳ್ಳಬಹುದು. ಎನ್‌ಎಚ್‌ಎಂಆರ್‌ಸಿ ಕೂಡ ವೃತ್ತಿಯ ನಡುವಿನ ಬಿಡುವನ್ನು ಲೆಕ್ಕಕ್ಕೆ ತೆಗೆದುಕೊಂಡು, ಸಿಕ್ಕ ಅವಕಾಶಕ್ಕೆ ಹೋಲಿಸಿ ಸಾಧನೆಯನ್ನು ಅಳೆಯುತ್ತದೆ. "ನನಗೆ ವಯಸ್ಸಾಯ್ತು, ನಾನು ಹಾಕೋ ಹಾಗಿಲ್ಲ" ಅಂತ ಸುಮ್ನೆ ಕೂತವರಲ್ಲಿ ಎಷ್ಟೋ ಜನ ನಿಜಕ್ಕೂ ಅರ್ಹರೇ ಆಗಿರುತ್ತಾರೆ.

ಇದೇ ಭೇಟಿಯಲ್ಲಿ ಅಕೌಂಟ್‌ಗಳ ಕೆಲಸ ಮುಗಿಸಿ. ಸಂಶೋಧಕರನ್ನು ಗುರುತಿಸುವ ಸಂಖ್ಯೆಯಾದ ಆರ್ಕಿಡ್ ಐಡಿ ಐದು ನಿಮಿಷದ ಕೆಲಸ. ಆದರೆ ಎನ್‌ಐಎಚ್‌ಗೆ ಹಾಕುವುದಾದರೆ ಅವರ ಆನ್‌ಲೈನ್ ವ್ಯವಸ್ಥೆಯಾದ ಇಆರ್‌ಎ ಕಾಮನ್ಸ್‌ನಲ್ಲಿ ನಿಮ್ಮನ್ನು ಸೇರಿಸಬೇಕಾದವರು ಸಂಸ್ಥೆಯವರು, ಸಂಸ್ಥೆಯೇ ಹೊಸದಾಗಿ ನೋಂದಾಯಿಸಬೇಕಿದ್ದರೆ 6 ವಾರ ಅಥವಾ ಜಾಸ್ತಿ ಹಿಡಿಯಬಹುದು. ಎನ್‌ಎಚ್‌ಎಂಆರ್‌ಸಿಗೆ ಹಾಕುವುದಾದರೆ ಸಫೈರ್ ಅನ್ನುವ ವ್ಯವಸ್ಥೆಯಲ್ಲಿ ಪ್ರೊಫೈಲ್ ತುಂಬಬೇಕು.

ಯಾರಿಗೆ ಹಾಕಬೇಕು

ಐಡಿಯಾ ಇಟ್ಟುಕೊಂಡು ಎಲ್ಲರಿಗೂ ಹಾಕಿ ನೋಡೋಣ ಅನ್ನುವುದು ಬೇಡ. ಫಂಡರ್‌ಗೆ ಏನು ಬೇಕು ಅನ್ನುವುದು ಅವರು ಬರೆದದ್ದಕ್ಕಿಂತ ಅವರು ಹಣ ಕೊಟ್ಟದ್ದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎನ್‌ಐಎಚ್ ರಿಪೋರ್ಟರ್ ಅನ್ನುವ ಉಚಿತ ಹುಡುಕುತಾಣದಲ್ಲಿ ಯಾವ ಯೋಜನೆಗೆ, ಯಾವ ಸಂಸ್ಥೆಗೆ, ಎಷ್ಟು ಹಣ ಹೋಗಿದೆ ಅಂತ ಸಾರಾಂಶ ಸಮೇತ ಸಿಗುತ್ತದೆ. ಬ್ರಿಟನ್‌ನ ಚಾರಿಟಿ ವೆಲ್‌ಕಮ್ ಟ್ರಸ್ಟ್, ಅಲ್ಲಿನ ಸರ್ಕಾರಿ ಫಂಡರ್ ಯುಕೆಆರ್‌ಐ ಕೂಡ ತಾವು ಕೊಟ್ಟ ಗ್ರ್ಯಾಂಟ್‌ಗಳ ಪಟ್ಟಿ ಹೊರಗಿಡುತ್ತವೆ. ನಿಮ್ಮ ವಿಷಯದ ಹತ್ತಿಪ್ಪತ್ತು ಸಾರಾಂಶ ಓದಿದರೆ ಸಾಕು, ಇವರು ಲ್ಯಾಬ್ ಕೆಲಸಕ್ಕೆ ಕೊಡುತ್ತಾರಾ, ಆಸ್ಪತ್ರೆಯ ಟ್ರಯಲ್‌ಗೆ (ಚಿಕಿತ್ಸೆಯ ಪ್ರಯೋಗಕ್ಕೆ) ಕೊಡುತ್ತಾರಾ, ಸಮುದಾಯ ಆರೋಗ್ಯಕ್ಕೆ ಕೊಡುತ್ತಾರಾ ಅನ್ನುವುದು ಹೊಳೆಯುತ್ತದೆ.

ಇನ್ನೊಂದು, ಫಂಡರ್ ಕಡೆಯಿಂದ ಆ ಸ್ಕೀಮ್ ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಮೇಲ್ ಬರೆಯಲು ಹಿಂಜರಿಯಬೇಡಿ. ಎನ್‌ಐಎಚ್‌ನಂಥ ಕಡೆ ಅವರ ಹೆಸರು, ಮೇಲ್ ಕರೆಯಲ್ಲೇ ಇರುತ್ತದೆ, ಮಾತಾಡಿ ಅಂತ ಅವರೇ ಹೇಳುತ್ತಾರೆ. ಒಂದು ಪುಟದ ಉದ್ದೇಶ ಅಂಟಿಸಿ, ಇದು ನಿಮ್ಮ ವಿಭಾಗಕ್ಕೆ ಹೊಂದುತ್ತದೆಯೇ ಅಂತ ನೇರವಾಗಿ ಕೇಳಿ. "ಹೊಂದುವುದಿಲ್ಲ" ಅಂತ ಉತ್ತರ ಬಂದರೆ ಬೇಜಾರಾಗಬೇಡಿ, ಎರಡು ತಿಂಗಳು ಉಳಿಯಿತು.

ಕ್ಯಾಲೆಂಡರನ್ನು ಹಿಂದಿನಿಂದ ಬರೆಯಿರಿ

ಫಂಡರ್‌ನ ಡೆಡ್‌ಲೈನ್ ನಿಮ್ಮ ಡೆಡ್‌ಲೈನ್ ಅಲ್ಲ. ಒಳಗಿನ ಡೆಡ್‌ಲೈನ್ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಮುಂಚೆ ಇರುತ್ತದೆ. ಅದಕ್ಕೂ ಮೊದಲು ಬಜೆಟ್ ಒಪ್ಪಿಗೆ, ಅದಕ್ಕೂ ಮೊದಲು ವಿಭಾಗದ ಮುಖ್ಯಸ್ಥರ ಸಹಿ, ಅದಕ್ಕೂ ಮೊದಲು ಒಳಗಿನ ವಿಮರ್ಶೆ. ಎನ್‌ಎಚ್‌ಎಂಆರ್‌ಸಿಯ ಸ್ಕೀಮುಗಳಲ್ಲಿ ಇನ್ನೂ ಒಂದು ಮೆಟ್ಟಿಲಿದೆ: ಅಂತಿಮ ದಿನಕ್ಕೆ ಮುಂಚೆಯೇ ಕನಿಷ್ಠ ಮಾಹಿತಿ ತುಂಬಬೇಕಾದ ದಿನ. ಅದು ತಪ್ಪಿದರೆ ಅರ್ಜಿ ಮುಂದಕ್ಕೆ ಹೋಗುವುದೇ ಇಲ್ಲ. ಎನ್‌ಐಎಚ್‌ನಲ್ಲಿ ಯಾವುದೇ ಒಂದು ವರ್ಷದ ನೇರ ವೆಚ್ಚ (ಸಂಶೋಧನೆಗೇ ಆಗುವ ಖರ್ಚು) 5 ಲಕ್ಷ ಡಾಲರ್ ಮುಟ್ಟಿದರೆ ಅರ್ಜಿ ಹಾಕುವ 6 ವಾರ ಮೊದಲೇ ಅವರ ಒಪ್ಪಿಗೆ ಬೇಕಾಗುತ್ತದೆ. ಇಂಥ ಸಣ್ಣಪುಟ್ಟ ನಿಯಮ ರಿಸರ್ಚ್ ಆಫೀಸಿನವರ ಬಾಯಲ್ಲಿರುತ್ತದೆ, ನಿಮಗೆ ಅದು ನೂರು ಪುಟದ ಪಿಡಿಎಫ್‌ನ ಯಾವುದೋ ಮೂಲೆಯಲ್ಲಿ ಸಿಗಬೇಕು.

ಹಾಗಂತ ವರ್ಷಗಟ್ಟಲೆ ಬರೆಯುತ್ತಾ ಕೂರುವುದೂ ಬೇಡ. ಎನ್‌ಎಚ್‌ಎಂಆರ್‌ಸಿಯ 2012ರ ಸುತ್ತಿಗೆ ಬಂದ 3727 ಅರ್ಜಿಗಳನ್ನು ಬರೆಯಲು ಸಂಶೋಧಕರ ಒಟ್ಟು ಸುಮಾರು 550 ವರ್ಷಗಳ ಕೆಲಸದ ಸಮಯ ಹೋಗಿದೆ ಅಂತ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಗೆದ್ದದ್ದು ಹೆಚ್ಚುಕಡಿಮೆ ಐದರಲ್ಲಿ ಒಂದು. ಜಾಸ್ತಿ ದಿನ ಬರೆದವರು ಜಾಸ್ತಿ ಗೆದ್ದರು ಅನ್ನುವುದು ಮಾತ್ರ ಎಲ್ಲೂ ಕಾಣಲಿಲ್ಲ. ಹಾಗಾಗಿ ಸಮಯವನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ನನ್ನನ್ನು ಕೇಳಿದರೆ ಎರಡು ಕಡೆ ಹಾಕಿ: ಉದ್ದೇಶದ ಒಂದು ಪುಟಕ್ಕೆ ಮತ್ತು ವಿಧಾನಕ್ಕೆ.

ಒಂದು ಪುಟ

ಎನ್‌ಐಎಚ್ ಅರ್ಜಿಯಲ್ಲಿ ನಿರ್ದಿಷ್ಟ ಉದ್ದೇಶಗಳಿಗೆ ಇರುವುದು ಒಂದೇ ಪುಟ. ಅವರ ಮುಖ್ಯ ಗ್ರ್ಯಾಂಟ್ ಆದ ಆರ್01ರ ಸಂಶೋಧನಾ ಯೋಜನೆಗೆ 12 ಪುಟ, ಚಿಕ್ಕದಾದ ಆರ್21ಗೆ 6. ಬೇರೆ ಫಂಡರ್‌ಗಳಲ್ಲಿ ಈ ಪುಟ ಕೇಳದೇ ಇರಬಹುದು, ಆದರೂ ಬರೆಯಿರಿ. ಅರ್ಜಿಗಳಿಗೆ ಅಂಕ ಹಾಕುವ ಪ್ಯಾನೆಲ್‌ನಲ್ಲಿ ನಿಮ್ಮ ಅರ್ಜಿಯನ್ನು ಪೂರ್ತಿ ಓದುವವರು ಎರಡು ಮೂರು ಜನ, ಉಳಿದವರು ಈ ಪುಟದ ಮೇಲೆ ಕಣ್ಣಾಡಿಸಿ ಅಂಕ ಹಾಕುತ್ತಾರೆ.

ಏನು ಇರಬೇಕು? ಕಾಯಿಲೆ ಅಥವಾ ಸಮಸ್ಯೆ ಏನು, ಈಗ ಏನು ಗೊತ್ತಿದೆ, ಯಾವುದು ಗೊತ್ತಿಲ್ಲದ್ದರಿಂದ ರೋಗಿಗೆ ತೊಂದರೆಯಾಗುತ್ತಿದೆ, ನಿಮ್ಮ ಊಹೆ ಏನು, ಅದನ್ನು ಪರೀಕ್ಷಿಸಲು ಎರಡೋ ಮೂರೋ ಉದ್ದೇಶ, ಮುಗಿದ ಮೇಲೆ ಏನು ಬದಲಾಗುತ್ತದೆ. ಇಷ್ಟೇ. ಮೊದಲ ಉದ್ದೇಶ ವಿಫಲವಾದರೆ ಎರಡನೆಯದು, ಮೂರನೆಯದು ಬಿದ್ದುಹೋಗುವ ಹಾಗೆ ಕಟ್ಟಬೇಡಿ. ರಿವ್ಯೂವರ್‌ಗಳು ಮೊದಲು ಹುಡುಕುವ ಬಿರುಕೇ ಅದು. "ಅಧ್ಯಯನ ಮಾಡುತ್ತೇವೆ", "ಅನ್ವೇಷಿಸುತ್ತೇವೆ" ಅನ್ನುವ ಕ್ರಿಯಾಪದಗಳಿಂದ ಏನೂ ತಿಳಿಯುವುದಿಲ್ಲ. ಅಳೆಯುತ್ತೇವೆ, ಹೋಲಿಸುತ್ತೇವೆ, ಪರೀಕ್ಷಿಸುತ್ತೇವೆ ಅಂತ ಬರೆದರೆ ಏನನ್ನು, ಯಾರಲ್ಲಿ, ಯಾವುದಕ್ಕೆ ಅಂತ ನೀವೇ ಹೇಳಬೇಕಾಗುತ್ತದೆ, ಆಗ ಉದ್ದೇಶ ತಾನಾಗಿ ಗಟ್ಟಿಯಾಗುತ್ತದೆ.

ಈ ಪುಟವನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬ ವಿಜ್ಞಾನಿಗೆ ಕೊಡಿ. ಓದಿದ ಮೇಲೆ ಕಾಗದ ತಿರುಗಿಸಿಟ್ಟು ನೀವು ಏನು ಮಾಡಹೊರಟಿದ್ದೀರಿ ಅಂತ ಅವರೇ ಹೇಳಲಿ. ತಡವರಿಸಿದರೆ ಮತ್ತೆ ಬರೆಯಿರಿ. ಇದು ಸರಿಯಾಗುವವರೆಗೆ ಉಳಿದ ಪುಟಗಳನ್ನು ಮುಟ್ಟಬೇಡಿ.

ವಿಧಾನ, ಮತ್ತು ಸ್ಟ್ಯಾಟಿಸ್ಟಿಷಿಯನ್

ಆರೋಗ್ಯ ಸಂಶೋಧನೆಯ ಅರ್ಜಿಗಳು ಜಾಸ್ತಿ ಎಡವುವುದು ಇಲ್ಲಿ. ವೈದ್ಯಕೀಯ ವಿಭಾಗಗಳಿರುವ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯ ಸಂಶೋಧನೆಯ ಅಂಕಿಅಂಶ) ಸಲಹೆ ಕೊಡುವವರಿರುತ್ತಾರೆ, ಮೊದಲ ಭೇಟಿಗೆ ಎಷ್ಟೋ ಕಡೆ ದುಡ್ಡು ಕೇಳುವುದಿಲ್ಲ. ಉದ್ದೇಶದ ಪುಟ ತಯಾರಾದ ವಾರದಲ್ಲೇ ಅವರನ್ನು ನೋಡಿ. ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ಜನ ಬೇಕು ಅನ್ನುವ ಒಂದು ಸಂಖ್ಯೆ ನಿಮ್ಮ ಬಜೆಟ್, ಎಷ್ಟು ಆಸ್ಪತ್ರೆ ಬೇಕು, ಎಷ್ಟು ವರ್ಷ ಬೇಕು, ಎಲ್ಲವನ್ನೂ ತೀರ್ಮಾನಿಸುತ್ತದೆ.

ಒಂದು ಲೆಕ್ಕ ನೋಡಿ. ಎರಡು ಗುಂಪುಗಳ ಸರಾಸರಿ ನಡುವೆ ಅರ್ಧ ಸ್ಟ್ಯಾಂಡರ್ಡ್ ಡೀವಿಯೇಷನ್‌ನಷ್ಟು (ಅಂಕಿಗಳ ಹರವಿನ ಅಳತೆ) ವ್ಯತ್ಯಾಸ ಹಿಡಿಯಬೇಕು, ಪವರ್ (ವ್ಯತ್ಯಾಸ ಇದ್ದರೆ ಅದು ಸಿಗುವ ಸಾಧ್ಯತೆ) 80%, ಇಲ್ಲದ ವ್ಯತ್ಯಾಸವನ್ನು ಇದೆ ಅನ್ನುವ ಅಪಾಯಕ್ಕೆ ಎರಡೂ ಬದಿಯ 5% ಮಟ್ಟ. ಗುಂಪಿಗೆ 64 ಜನ ಬೇಕು. ವ್ಯತ್ಯಾಸ ಅದರ ಅರ್ಧ ಇರಬಹುದು ಅನ್ನಿಸಿದರೆ ಜನ ದುಪ್ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಗುಂಪಿಗೆ 250ರ ಆಸುಪಾಸು. 20% ಜನ ನಡುವೆ ಬಿಟ್ಟುಹೋಗುತ್ತಾರೆ ಅಂದರೆ 64ಕ್ಕೆ 20% ಸೇರಿಸಿ 77 ಅಂತ ಬರೆಯುವವರು ತುಂಬಾ ಜನ. ತಪ್ಪು. 64ನ್ನು 0.8ರಿಂದ ಭಾಗಿಸಬೇಕು, 80 ಬರುತ್ತದೆ. ಪ್ಯಾನೆಲ್‌ನಲ್ಲಿರುವ ಸ್ಟ್ಯಾಟಿಸ್ಟಿಷಿಯನ್ ಕಣ್ಣಿಗೆ ಇದು ಬಿದ್ದೇ ಬೀಳುತ್ತದೆ, ಆಮೇಲೆ ಅವರು ಉಳಿದ ಲೆಕ್ಕವನ್ನೂ ಅನುಮಾನದಿಂದಲೇ ನೋಡುತ್ತಾರೆ.

ವ್ಯಕ್ತಿಗಳನ್ನಲ್ಲದೆ ಕ್ಲಿನಿಕ್‌ಗಳನ್ನೋ ಶಾಲೆಗಳನ್ನೋ ಗುಂಪುಗಳಿಗೆ ಹಂಚುವ ಟ್ರಯಲ್ ಆದರೆ ಇನ್ನೂ ಹುಷಾರು. ಒಂದೇ ಕ್ಲಿನಿಕ್ಕಿನ ರೋಗಿಗಳಲ್ಲಿ ಸ್ವಲ್ಪ ಹೋಲಿಕೆ ಇರುತ್ತದೆ. ಕ್ಲಿನಿಕ್ಕಿಗೆ 20 ಜನ, ಆ ಹೋಲಿಕೆಯ ಅಳತೆ 0.05 ಅಂದುಕೊಂಡರೆ, 19ನ್ನು 0.05ರಿಂದ ಗುಣಿಸಿ 1 ಕೂಡಿಸಿದರೆ 1.95. ಅಂದರೆ ನಿಮಗೆ ಬೇಕಾದ ಜನ ಹತ್ತಿರ ಹತ್ತಿರ ದುಪ್ಪಟ್ಟು. ಇದನ್ನು ಅರ್ಜಿ ಹಾಕುವ ಹಿಂದಿನ ವಾರ ತಿಳಿದುಕೊಂಡರೆ ಏನು ಪ್ರಯೋಜನ, ಅಲ್ವಾ?

ಟ್ರಯಲ್ ಆದರೆ ಪ್ರೋಟೋಕಾಲ್‌ನಲ್ಲಿ (ಟ್ರಯಲ್ ನಡೆಸುವ ಯೋಜನೆಯ ದಾಖಲೆಯಲ್ಲಿ) ಏನೇನಿರಬೇಕು ಅನ್ನುವ ಸ್ಪಿರಿಟ್ ಚೆಕ್‌ಲಿಸ್ಟ್ ಇಟ್ಟುಕೊಂಡು ಬರೆಯಿರಿ. ಪ್ರಾಣಿಗಳ ಮೇಲಿನ ಕೆಲಸವಾದರೆ ಅದಕ್ಕಾಗಿಯೇ ಇರುವ ಅರೈವ್ ಮಾರ್ಗಸೂಚಿ ನೋಡಿ, ಬದಲಿ ಹುಡುಕುವುದು, ಸಂಖ್ಯೆ ಇಳಿಸುವುದು, ನೋವು ತಗ್ಗಿಸುವುದು ಅನ್ನುವ 1959ರಿಂದ ಬಂದ ಮೂರು ಸೂತ್ರಗಳಿಗೆ ಒಂದೊಂದು ಸಾಲಿನ ಉತ್ತರ ಬರೆದಿಡಿ. ಏನಾದರೂ ಕೈಕೊಟ್ಟರೆ ಮುಂದೇನು ಅನ್ನುವ ಪ್ಯಾರಾ ಕೂಡ ಇರಲಿ. ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ ಅಂತ ಬರೆದರೆ ಯಾರೂ ನಂಬುವುದಿಲ್ಲ.

ಎಥಿಕ್ಸ್, ರೋಗಿಗಳು, ಡೇಟಾ

ಅರ್ಜಿ ಹಾಕುವಾಗಲೇ ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿ) ಒಪ್ಪಿಗೆ ಬೇಕೇ, ಗೆದ್ದ ಮೇಲೆ ಸಾಕೇ ಅನ್ನುವುದನ್ನು ಕರೆಯಲ್ಲಿ ನೋಡಿ. ಎನ್‌ಐಎಚ್ ಸಾಮಾನ್ಯವಾಗಿ ರಿವ್ಯೂ ಆದ ಮೇಲೆ, ಹಣ ಬರುವ ಸಾಧ್ಯತೆ ಕಂಡಾಗ ಕೇಳುತ್ತದೆ. ಕೆಲವರು ಮೊದಲೇ ಪತ್ರ ಬೇಕು ಅನ್ನುತ್ತಾರೆ, ಆಗ ಕಮಿಟಿ ಸಭೆಯ ದಿನಾಂಕವೂ ನಿಮ್ಮ ಕ್ಯಾಲೆಂಡರಿಗೆ ಬರಬೇಕು. ಕ್ಲಿನಿಕಲ್ ಟ್ರಯಲ್ ಅನ್ನು ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಾರ್ವಜನಿಕವಾಗಿ ನೋಂದಾಯಿಸಬೇಕು. ಇಲ್ಲದಿದ್ದರೆ ದೊಡ್ಡ ವೈದ್ಯಕೀಯ ಪತ್ರಿಕೆಗಳು ಪ್ರಕಟಿಸುವುದಿಲ್ಲ, ಈ ನಿಯಮ 2005ರಿಂದಲೂ ಇದೆ.

ರೋಗಿಗಳನ್ನು ಅರ್ಜಿ ಬರೆಯುವ ಹಂತದಲ್ಲೇ ಕೇಳಿ. ಬ್ರಿಟನ್‌ನ ಸರ್ಕಾರಿ ಆರೋಗ್ಯ ಸಂಶೋಧನಾ ಫಂಡರ್ ಎನ್‌ಐಎಚ್‌ಆರ್ ಇದನ್ನು ಗಂಭೀರವಾಗಿ ನೋಡುತ್ತದೆ, ಬೇರೆಯವರೂ ಈಗ ಕೇಳಲು ಶುರು ಮಾಡಿದ್ದಾರೆ. ಸುಮ್ನೆ ಒಂದು ಸಾಲು ಸೇರಿಸಿದರೆ ಗೊತ್ತಾಗಿಬಿಡುತ್ತದೆ. ತಿಂಗಳಿಗೆ ನಾಲ್ಕು ಸಲ ರಕ್ತ ಕೊಡಲು ಬರುವುದು ಆಗದ ಮಾತು ಅಂತ ಒಬ್ಬ ರೋಗಿ ಹೇಳಿದರು, ಅದಕ್ಕೆ ಎರಡಕ್ಕಿಳಿಸಿದೆವು, ಅಂಥ ನಿಜವಾದ ಬದಲಾವಣೆ ಬರೆದರೆ ಅದಕ್ಕೆ ತೂಕ.

ಡೇಟಾವನ್ನು ಹೇಗೆ ಇಟ್ಟುಕೊಂಡು ಹೇಗೆ ಹಂಚುತ್ತೀರಿ ಅನ್ನುವ ಯೋಜನೆಯನ್ನು ಎನ್‌ಐಎಚ್ 2023ರ ಜನವರಿಯಿಂದ ಕಡ್ಡಾಯ ಮಾಡಿದೆ. ಇದಕ್ಕೆ ಯೂನಿವರ್ಸಿಟಿ ಲೈಬ್ರರಿಯಲ್ಲಿ ಕೇಳಿ. ಸರ್ವರ್, ಬ್ಯಾಕಪ್, ಎಷ್ಟು ವರ್ಷ ಇಡಬೇಕು ಅನ್ನುವ ಪ್ಯಾರಾಗಳು ಅವರ ಹತ್ತಿರ ತಯಾರಿರುತ್ತವೆ.

ಬಜೆಟ್

ಬಜೆಟ್ ಶೀಟನ್ನು ನೀವೇ ಕೂತು ಮಾಡಬೇಡಿ. ನೀವು ಕೆಲಸಗಳ ಪಟ್ಟಿ ಕೊಡಿ: ಯಾರು, ಎಷ್ಟು ತಿಂಗಳು, ಎಷ್ಟು ಟೆಸ್ಟ್, ಎಷ್ಟು ಪ್ರಯಾಣ. ಸಂಬಳದ ಶ್ರೇಣಿ, ವರ್ಷವರ್ಷದ ಏರಿಕೆ, ಪಿಂಚಣಿ ಪಾಲು, ಓವರ್‌ಹೆಡ್ (ಕಟ್ಟಡ, ಕರೆಂಟು, ಆಡಳಿತದಂಥ ಪರೋಕ್ಷ ಖರ್ಚು) ಇವನ್ನು ಆಫೀಸಿನವರು ತುಂಬಲಿ. ಓವರ್‌ಹೆಡ್ ವಿಷಯದಲ್ಲಿ ಫಂಡರ್‌ನಿಂದ ಫಂಡರ್‌ಗೆ ಅಜಗಜಾಂತರ. ಬ್ರಿಟನ್‌ನ ಯುಕೆಆರ್‌ಐ ಸಾಮಾನ್ಯವಾಗಿ ಪೂರ್ಣ ವೆಚ್ಚದ 80% ಕೊಡುತ್ತದೆ, ಉಳಿದದ್ದು ಯೂನಿವರ್ಸಿಟಿ ಹೊರಬೇಕು. ಅನೇಕ ಚಾರಿಟಿಗಳು ಓವರ್‌ಹೆಡ್ ಕೊಡುವುದೇ ಇಲ್ಲ. ಅಂಥ ಕಡೆ ನಿಮ್ಮ ವಿಭಾಗ ಒಪ್ಪಬೇಕು, ಆ ಮಾತುಕತೆ ಡೆಡ್‌ಲೈನ್ ವಾರದಲ್ಲಿ ನಡೆಯುವಂಥದ್ದಲ್ಲ.

ಕಡಿಮೆ ಕೇಳಿದರೆ ಗೆಲ್ಲುತ್ತೇವೆ ಅನ್ನುವುದು ಭ್ರಮೆ. 80 ಜನರ ಎಂಆರ್‌ಐ ಮಾಡುತ್ತೇವೆ ಅಂದು 50ಕ್ಕೆ ಹಣ ಕೇಳಿದರೆ ರಿವ್ಯೂವರ್‌ಗೆ ಅನ್ನಿಸುವುದು ಒಂದೇ, ಇವರಿಗೆ ಈ ಕೆಲಸ ಮಾಡಿ ಗೊತ್ತಿಲ್ಲ. ಜನ ಸಾಮಾನ್ಯವಾಗಿ ಮರೆಯುವುದು: ಸ್ಟ್ಯಾಟಿಸ್ಟಿಷಿಯನ್‌ನ ಸಮಯ, ಭಾಷಾಂತರ, ರೋಗಿಗಳ ಪ್ರಯಾಣದ ಖರ್ಚು, ಲೇಖನವನ್ನು ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಓಪನ್ ಆಕ್ಸೆಸ್ ಶುಲ್ಕ, ಯಂತ್ರದ ನಿರ್ವಹಣೆ.

ತಂಡ, ಪತ್ರಗಳು, ಸಾರಾಂಶ

ದೊಡ್ಡ ಹೆಸರನ್ನು ಅಲಂಕಾರಕ್ಕೆ ಸೇರಿಸಬೇಡಿ. ಒಬ್ಬೊಬ್ಬರೂ ಯಾವ ಉದ್ದೇಶದ ಯಾವ ಕೆಲಸ ಮಾಡುತ್ತಾರೆ ಅಂತ ಒಂದು ವಾಕ್ಯದಲ್ಲಿ ಬರೆಯಲಾಗದಿದ್ದರೆ ಅವರು ಬೇಡ. ಬೆಂಬಲ ಪತ್ರದ ಕರಡನ್ನು ನೀವೇ ಬರೆದು ಕಳಿಸಿ, ಇದರಲ್ಲಿ ಸಂಕೋಚವೇನೂ ಇಲ್ಲ, ಎಲ್ಲರೂ ಹಾಗೇ ಮಾಡುವುದು. ಪತ್ರದಲ್ಲಿ ಶುಭ ಹಾರೈಕೆಗಿಂತ "ತಿಂಗಳಿಗೆ ಇಷ್ಟು ರೋಗಿಗಳು ನಮ್ಮಲ್ಲಿ ಬರುತ್ತಾರೆ, ಇಷ್ಟು ಕೊಠಡಿ ಕೊಡುತ್ತೇವೆ" ಅನ್ನುವಂಥ ಸಾಲಿರಲಿ.

ಸಾಮಾನ್ಯರಿಗಾಗಿ ಬರೆಯುವ ಸಾರಾಂಶವನ್ನು ಕೊನೆಯ ರಾತ್ರಿಗೆ ಬಿಡಬೇಡಿ, ಕೆಲವು ಫಂಡರ್‌ಗಳಲ್ಲಿ ಅದನ್ನು ಓದಿ ಅಭಿಪ್ರಾಯ ಹೇಳುವವರು ವಿಜ್ಞಾನಿಗಳಲ್ಲ.

ಎಐ ಬಗ್ಗೆಯೂ ಒಂದು ಮಾತು. 2025ರ ಸೆಪ್ಟೆಂಬರ್‌ನಿಂದ ಎನ್‌ಐಎಚ್ ಬಹುಪಾಲು ಎಐನಿಂದ ತಯಾರಾದ ಅರ್ಜಿಗಳನ್ನು ಅರ್ಜಿದಾರರ ಸ್ವಂತ ಐಡಿಯಾ ಅಂತ ಒಪ್ಪುವುದಿಲ್ಲ, ಒಬ್ಬ ಪಿಐ (ಮುಖ್ಯ ಸಂಶೋಧಕ) ವರ್ಷಕ್ಕೆ ಹಾಕಬಹುದಾದ ಅರ್ಜಿಗಳಿಗೆ 6ರ ಮಿತಿಯನ್ನೂ ಹಾಕಿದೆ. ಭಾಷೆ ತಿದ್ದಿಸಿಕೊಳ್ಳುವ ಮೊದಲು ನಿಮ್ಮ ಫಂಡರ್‌ನ ನಿಯಮ ಓದಿ.

ಒಳಗಿನ ವಿಮರ್ಶೆ

ಯೂನಿವರ್ಸಿಟಿ ಕೊಡುವ ಸಹಾಯದಲ್ಲಿ ಎಲ್ಲಕ್ಕಿಂತ ಬೆಲೆಯದ್ದು ಇದು. ಹಿಂದೆ ಪ್ಯಾನೆಲ್‌ನಲ್ಲಿ ಕೂತವರು ನಿಮ್ಮಲ್ಲೇ ಇರುತ್ತಾರೆ. ಅವರಿಗೆ ಕರಡಿನ ಜೊತೆ ಫಂಡರ್‌ನ ಅಂಕ ಹಾಕುವ ಮಾನದಂಡವನ್ನೂ ಕೊಡಿ. "ಹೇಗಿದೆ" ಅಂತ ಕೇಳಬೇಡಿ, ಅಂಕ ಹಾಕಿಕೊಡಿ ಅನ್ನಿ. ಎನ್‌ಐಎಚ್ 2025ರ ಜನವರಿ 25ರಿಂದ ಮೂರು ವಿಷಯ ನೋಡುತ್ತದೆ: ಸಂಶೋಧನೆ ಎಷ್ಟು ಮುಖ್ಯ, ವಿಧಾನ ಎಷ್ಟು ಕಟ್ಟುನಿಟ್ಟು ಮತ್ತು ಕಾರ್ಯಸಾಧ್ಯ, ತಂಡ ಮತ್ತು ಸೌಲಭ್ಯ ಸಾಕೇ. ಮೊದಲೆರಡಕ್ಕೆ 1ರಿಂದ 9ರವರೆಗೆ ಅಂಕ, 1 ಅಂದರೆ ಅತ್ಯುತ್ತಮ. ಮೂರನೆಯದಕ್ಕೆ ಅಂಕವಿಲ್ಲ, ಸಾಕು ಅಥವಾ ಸಾಲದು. ಎನ್‌ಎಚ್‌ಎಂಆರ್‌ಸಿಯ ಐಡಿಯಾಸ್ ಗ್ರ್ಯಾಂಟ್‌ನಲ್ಲಿ ಹೊಸತನಕ್ಕೇ ಬೇರೆ ಅಂಕವಿದೆ. ಹಾಗಾಗಿ ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಇಬ್ಬರಿಗೂ ಕಳಿಸಿದರೆ ಒಂದು ಕಡೆಯಂತೂ ಸೋಲುತ್ತೀರಿ.

ಸಬ್ಮಿಟ್, ಆಮೇಲೆ

ಎರಡು ಮೂರು ದಿನ ಮುಂಚೆ ಕಳಿಸಿ. ಅಕ್ಷರದ ಗಾತ್ರ, ಮಾರ್ಜಿನ್, ಪುಟಮಿತಿ ಮೀರಿದರೆ ಓದದೆಯೇ ತಿರಸ್ಕರಿಸುವ ಅಧಿಕಾರ ಫಂಡರ್‌ಗಳಿಗಿದೆ. ಎನ್‌ಐಎಚ್‌ಗೆ ಕಳಿಸಿದ ಮೇಲೆ ಜೋಡಿಸಿದ ಅರ್ಜಿಯನ್ನು ನೋಡಲು 2 ಕೆಲಸದ ದಿನ ಸಿಗುತ್ತದೆ. ಪ್ರತಿ ಪುಟ ತೆರೆದು ನೋಡಿ. ತಪ್ಪಾದ ಪಿಡಿಎಫ್ ಸೇರಿಕೊಂಡಿರುವುದು ಗೊತ್ತಾಗುವುದು ಇಲ್ಲೇ.

ರಿವ್ಯೂವರ್‌ಗೆ ಉತ್ತರ ಬರೆಯುವ ಅವಕಾಶ ಇದ್ದರೆ ಒಂದು ದಿನ ಬಿಟ್ಟು ಬರೆಯಿರಿ, ಮೊದಲ ದಿನದ ಉತ್ತರದಲ್ಲಿ ಸಿಟ್ಟಿರುತ್ತದೆ. ಸೋತರೆ ಎಲ್ಲಾ ಟಿಪ್ಪಣಿಗೂ ಒಂದೇ ಬೆಲೆ ಕೊಡಬೇಡಿ. 43 ರಿವ್ಯೂವರ್‌ಗಳಿಗೆ ಅವವೇ 25 ಎನ್‌ಐಎಚ್ ಅರ್ಜಿಗಳನ್ನು ಕೊಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಅರ್ಜಿಯ ಬಗ್ಗೆ ಅವರಲ್ಲಿ ಒಮ್ಮತವೇ ಕಾಣಲಿಲ್ಲ. ಇಬ್ಬರು ಮೂವರು ಒಂದೇ ಜಾಗ ತೋರಿಸಿದ್ದರೆ ಅದನ್ನು ಸರಿಮಾಡಿ. ಒಬ್ಬರಿಗೇ ಕಂಡದ್ದನ್ನು ಯೋಚಿಸಿ ನೋಡಿ. ಎನ್‌ಐಎಚ್‌ನಲ್ಲಿ 37 ತಿಂಗಳೊಳಗೆ ಒಮ್ಮೆ ಮರುಸಲ್ಲಿಸಬಹುದು, ಏನು ಬದಲಿಸಿದಿರಿ ಅನ್ನುವುದಕ್ಕೆ ಒಂದು ಪುಟ. ಈ ಪುಟವನ್ನೂ ರಿಸರ್ಚ್ ಆಫೀಸಿನವರಿಗೆ ತೋರಿಸಿ, ಇಂಥವನ್ನು ಅವರು ಬೇಕಾದಷ್ಟು ನೋಡಿರುತ್ತಾರೆ.

ಗೆದ್ದರೆ, ಒಪ್ಪಂದಕ್ಕೆ ನೀವು ಸಹಿ ಹಾಕಬೇಡಿ, ಅದು ಯೂನಿವರ್ಸಿಟಿಯ ಕೆಲಸ. ಪ್ರಾಜೆಕ್ಟ್ ಅಕೌಂಟ್ ತೆರೆದು, ಎಥಿಕ್ಸ್ ಪತ್ರ ಕೈಗೆ ಬಂದ ಮೇಲೆಯೇ ಅಧ್ಯಯನಕ್ಕೆ ಜನರನ್ನು ಸೇರಿಸಲು ಶುರು ಮಾಡಿ. ಸಿಬ್ಬಂದಿ ನೇಮಕಾತಿಗೆ ತಿಂಗಳುಗಳೇ ಹಿಡಿಯುತ್ತವೆ, ಹುದ್ದೆಯ ವಿವರವನ್ನು ಫಲಿತಾಂಶಕ್ಕೆ ಕಾಯುವ ದಿನಗಳಲ್ಲೇ ಬರೆದಿಡಿ. ಹಣ ಉಳಿದು ಸಮಯ ಸಾಲದೆ ಬಂದರೆ ಅವಧಿ ವಿಸ್ತರಣೆಗೆ ಕೇಳಬಹುದು, ಆದರೆ ಗ್ರ್ಯಾಂಟ್ ಮುಗಿಯುವ ದಿನಾಂಕಕ್ಕೆ ಮುಂಚೆ, ಮತ್ತು ಅದೇ ಆಫೀಸಿನ ಮೂಲಕ.